ಕೆಂಚನ ಕಿವಿರ ಮೇಲಿನ ಇಪ್ಪತ್ತು ಚುಕ್ಕೆ

ಶನಿವಾರ ಬೆಳಗ್ಗೆ ಟ್ಯಾಂಕಿನ ಲೈಟ್ ಹಾಕಿದಾಗ ನಮ್ಮ ಗೋಲ್ಡ್‌ಫಿಶ್ ಕೆಂಚನ ಕೆನ್ನೆ ಮೇಲೆ ಬಿಳಿ ಚುಕ್ಕೆ ಕಂಡವು. ಕೆನ್ನೆ ಅಂದರೆ ಕಿವಿರ ಮುಚ್ಚಳ. ಕಿತ್ತಳೆ ಬಣ್ಣದ ಮೇಲೆ ಸೂಜಿಮೊನೆಯಷ್ಟು ಬಿಳುಪು, ಅದೂ ಒಂದೆರಡಲ್ಲ. ಮೀನು ಸಾಕುವವರಿಗೆ ಬಿಳಿ ಚುಕ್ಕೆ ಅಂದ ಕೂಡಲೇ ಒಂದೇ ರೋಗದ ಹೆಸರು ಬಾಯಿಗೆ ಬರುತ್ತದೆ: ಇಕ್. ನನಗೂ ಅದೇ ಬಂತು. ಆರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಟ್ಯಾಂಕಿನ ಎರಡು ಮೀನಿನಲ್ಲಿ ಒಂದು ಸತ್ತಿತ್ತು. ಸತ್ತದ್ದು ಕೆಂಚ ಅಲ್ಲ. ಮೈಮೇಲೆ ಒಂದೂ ಚುಕ್ಕೆ ಇಲ್ಲದಿದ್ದ ಬೆಳ್ಳಿ.

ಆ ಆರು ದಿನ ಮತ್ತು ಆಮೇಲಿನ ಐದು ವಾರದ ಲೆಕ್ಕ ಇದು. ನಾನು ಬರೆದಿಟ್ಟುಕೊಳ್ಳಲು ಶುರು ಮಾಡಿದ್ದು ಐದನೇ ದಿನದಿಂದ. ಅದಕ್ಕೂ ಮುಂಚಿನದನ್ನು ನೆನಪಿನಿಂದ ಮತ್ತು ಫೋನಿನಲ್ಲಿದ್ದ ಫೋಟೋಗಳಿಂದ ಜೋಡಿಸಿದ್ದೇನೆ.

ಟ್ಯಾಂಕ್ ಹೇಗಿತ್ತು

ಮೂರಡಿ ಉದ್ದದ ಗಾಜಿನ ಟ್ಯಾಂಕ್. ಕಲ್ಲು, ಗಿಡ ಎಲ್ಲ ಕಳೆದು ಸುಮಾರು 110 ಲೀಟರ್ ನೀರು. ಅದರಲ್ಲಿ ಎರಡೇ ಗೋಲ್ಡ್‌ಫಿಶ್. ಇಬ್ಬರಿಗೂ ಮೂರು ವರ್ಷ ದಾಟಿತ್ತು, ಉದ್ದ 12 ಸೆಂಟಿಮೀಟರ್ ಇರಬಹುದು. ನೀರು 22 ಡಿಗ್ರಿ ಆಸುಪಾಸು, ಪಿಎಚ್ 7.8. ಹೀಟರ್ ಹಾಕಿರಲಿಲ್ಲ. ಗೋಲ್ಡ್‌ಫಿಶ್ ತಂಪು ನೀರಿನ ಮೀನು, ಅದಕ್ಕೆ ಬೇಕೂ ಇಲ್ಲ. ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಾಯಿಸುತ್ತಿದ್ದೆ. ಫಿಲ್ಟರಿನಲ್ಲಿ ಎರಡು ಸ್ಪಾಂಜ್. ಗಿಡ ಅಂದರೆ ಎರಡು ಅನುಬಿಯಾಸ್, ಎಲೆ ದಪ್ಪ ಇರುವುದರಿಂದ ಗೋಲ್ಡ್‌ಫಿಶ್ ಬಾಯಿಗೆ ಸಿಕ್ಕರೂ ಉಳಿಯುವ ಜಾತಿ. ಹಿಂದಿನ ಒಂದು ವರ್ಷದಲ್ಲಿ ಹೊಸ ಮೀನಾಗಲಿ ಹೊಸ ಗಿಡವಾಗಲಿ ಈ ಟ್ಯಾಂಕಿಗೆ ಬಂದಿರಲಿಲ್ಲ. ಈ ಕೊನೆಯ ವಿಷಯವನ್ನು ನಾನು ಆ ಶನಿವಾರ ಯೋಚಿಸಿದ್ದರೆ ಸಾಕಿತ್ತು.

ಮೂರು ವರ್ಷದಲ್ಲಿ ಇಬ್ಬರಿಗೂ ಒಂದು ದಿನ ಹುಷಾರು ತಪ್ಪಿದ್ದಿಲ್ಲ. ಅದೇ ತೊಂದರೆಯಾಯಿತು ಅನಿಸುತ್ತದೆ. ಏನೂ ಆಗದ ಟ್ಯಾಂಕಿನ ಮುಂದೆ ಕೂತು ನೋಡುವ ಅಭ್ಯಾಸ ತಪ್ಪಿಹೋಗಿತ್ತು.

ಶನಿವಾರ ನಾನು ಮಾಡಿದ ಕೆಲಸಗಳು

ಚುಕ್ಕೆ ಕಂಡ ಮೇಲೆ ಇನ್ನೊಂದು ಲಕ್ಷಣವನ್ನೂ ಹುಡುಕಿ ಸೇರಿಸಿಕೊಂಡೆ. ಕೆಂಚ ಎರಡು ದಿನದಿಂದ ಸುಮ್ನೆ ಇರುತ್ತಿರಲಿಲ್ಲ. ಬೆಳ್ಳಿಯ ಹಿಂದೆ ಹಿಂದೆ ಓಡುವುದು, ಅವಳ ಹೊಟ್ಟೆಗೆ ಮೂತಿಯಿಂದ ಗುದ್ದುವುದು, ಅವಳು ಗಿಡದ ಸಂದಿಗೆ ಹೋದರೆ ಅಲ್ಲಿಗೂ ಹೋಗಿ ಪೀಡಿಸುವುದು. ಮೈ ಕಡಿತಕ್ಕೆ ಹೀಗೆ ಮಾಡುತ್ತಿದ್ದಾನೆ ಅಂದುಕೊಂಡೆ. ಇಕ್ ಬಂದ ಮೀನು ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತದೆ ಅಂತ ಓದಿದ್ದೆನಲ್ಲ. ಕಲ್ಲಿಗೆ ಉಜ್ಜುವುದಕ್ಕೂ ಇನ್ನೊಂದು ಮೀನಿನ ಬೆನ್ನು ಹತ್ತುವುದಕ್ಕೂ ಇರುವ ವ್ಯತ್ಯಾಸ ಮಗುವಿಗೂ ತಿಳಿಯುತ್ತದೆ. ಆದರೆ ಒಮ್ಮೆ ತಲೆಯಲ್ಲಿ ರೋಗದ ಹೆಸರು ಕೂತ ಮೇಲೆ ಕಂಡದ್ದೆಲ್ಲ ಅದರ ಲಕ್ಷಣವೇ.

ಅಂಗಡಿಗೆ ಹೋಗಿ ಬಿಳಿ ಚುಕ್ಕೆ ಅಂದೆ. ಮಿಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿಯ ಬಾಟಲಿ ಕೈಗೆ ಬಂತು. ಅಂಗಡಿಯವರು ಫೋಟೋ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಮನೆಗೆ ಬಂದವಳೇ "ಮೊದಲು ಕ್ಲೀನ್ ಮಾಡೋಣ" ಅಂತ ಸೊಂಟ ಕಟ್ಟಿ ನಿಂತೆ. ಕಲ್ಲಿನ ಕೆಳಗಿನ ಗಲೀಜು ಎಳೆದೆ. ಅರ್ಧ ನೀರು ಬದಲಾಯಿಸಿದೆ. ರೋಗಾಣು ಇದ್ದರೆ ಹೋಗಲಿ ಅಂತ ಎರಡೂ ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿದು, ಹಿಂಡಿ ಹಿಂಡಿ, ಹೊಸದರ ಹಾಗೆ ತೊಳೆದೆ. ಕಂದು ನೀರು ಹೋಗಿ ತಿಳಿ ನೀರು ಬರುವ ತನಕ ಬಿಡಲಿಲ್ಲ. ಅನುಬಿಯಾಸ್ ಎಲೆಯ ಅಡಿಯಲ್ಲಿ, ಫಿಲ್ಟರ್ ಪೈಪಿನ ಮೇಲೆ ಗುಂಡುಸೂಜಿ ತಲೆಯಷ್ಟು ದೊಡ್ಡ, ಪಾರದರ್ಶಕ ಮಣಿಗಳು ಅಂಟಿದ್ದವು. ಬೆರಳಿಗೆ ಜಿಗುಟು. ಬಟ್ಟೆಯಲ್ಲಿ ಒರೆಸಿ ಎಸೆದೆ. ಇಪ್ಪತ್ತು ಮೂವತ್ತು ಇದ್ದಿರಬೇಕು.

ಆಮೇಲೆ ಔಷಧಿ ಸುರಿದೆ. ನೀರು ಶಾಯಿ ಆಯಿತು. ಅಟ್ಟದಲ್ಲಿದ್ದ ಹಳೆಯ ಹೀಟರ್ ಇಳಿಸಿ 30 ಡಿಗ್ರಿಗೆ ಇಟ್ಟೆ, ಬಿಸಿ ನೀರಲ್ಲಿ ಇಕ್ ಪರೋಪಜೀವಿಯ ಸುತ್ತು ಬೇಗ ಮುಗಿಯುತ್ತದೆ ಅಂತ. ಶಕ್ತಿ ಬರಲಿ ಅಂತ ಅವತ್ತು ಸಂಜೆಯಿಂದ ಆಹಾರದ ಕಾಳನ್ನೂ ಜಾಸ್ತಿ ಮಾಡಿದೆ.

ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಹುಚ್ಚು ಕೆಲಸ ಅಲ್ಲ. ಎಲ್ಲವನ್ನೂ ಒಂದೇ ಮಧ್ಯಾಹ್ನ ಮಾಡಿದ್ದೇ ಅನಾಹುತವಾಯಿತು.

ಭಾನುವಾರದಿಂದ ಬುಧವಾರ

ಭಾನುವಾರ ಏನೂ ಆಗಲಿಲ್ಲ. ಸೋಮವಾರ ಚುಕ್ಕೆ ಹಾಗೇ ಇದ್ದವು, ಕಮ್ಮಿಯೂ ಆಗಲಿಲ್ಲ, ಜಾಸ್ತಿಯೂ ಆಗಲಿಲ್ಲ. ಔಷಧಿ ಸಾಲಲಿಲ್ಲ ಅಂತ ತೀರ್ಮಾನಿಸಿ ಇನ್ನೊಂದು ಡೋಸ್ ಹಾಕಿದೆ, ಬಾಟಲಿ ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಮುಂದಕ್ಕೇ. ಮಂಗಳವಾರ ಇಬ್ಬರೂ ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು ನಿಂತರು. ಬೆನ್ನ ಮೇಲಿನ ರೆಕ್ಕೆ ಮಡಿಸಿದ ಕೊಡೆಯ ಹಾಗೆ. ಹಾಕಿದ ಕಾಳು ತಳದಲ್ಲಿ ಬಿದ್ದಿತ್ತು. ನೀಲಿ ನೀರಲ್ಲಿ ಅದು ಸರಿಯಾಗಿ ಕಾಣುತ್ತಲೂ ಇರಲಿಲ್ಲ.

ಬುಧವಾರ ಬೆಳಗ್ಗೆ ಇಬ್ಬರೂ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಡಿಯುತ್ತಿದ್ದರು. ಕಿವಿರು ಬೇಗ ಬೇಗ ತೆರೆದು ಮುಚ್ಚುತ್ತಿತ್ತು. ಬೆಳ್ಳಿಯ ಬಾಲದಲ್ಲಿ ಕೆಂಪು ಗೆರೆಗಳು ಎದ್ದಿದ್ದವು, ಕಣ್ಣಿನ ಬಿಳಿಭಾಗದಲ್ಲಿ ರಕ್ತನಾಳ ಕಾಣುತ್ತದಲ್ಲ, ಅಂಥ ಸಣ್ಣ ಗೆರೆ. ರೋಗ ಏರುತ್ತಿದೆ ಅಂದುಕೊಂಡೆ. ಸಂಜೆ ಮೂರನೇ ಡೋಸ್‌ಗೆ ಬಾಟಲಿ ಮುಚ್ಚಳ ತೆಗೆದಿದ್ದೆ. ಏನೋ ಅಳುಕಾಗಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ನಾನು ಹುಟ್ಟುವ ಮೊದಲಿನಿಂದ ಅವರ ಮನೆಯಲ್ಲಿ ಟ್ಯಾಂಕ್ ಇದೆ.

"ಏನಮ್ಮಾ, ಚುಕ್ಕೆ ಎಲ್ಲೆಲ್ಲಿ ಇದೆ?" ಅಂತ ಮೊದಲ ಪ್ರಶ್ನೆ.

"ಮೈಮೇಲೆ, ಚಿಕ್ಕಪ್ಪಾ."

"ಮೈಮೇಲೆ ಅಂದ್ರೆ ಎಲ್ಲಿ? ನೋಡಿ ಹೇಳು. ಎಣಿಸು."

ಟಾರ್ಚ್ ಹಿಡಿದೆ. ಮಗ ಪಕ್ಕದಲ್ಲಿ ನಿಂತು ಎಣಿಸಿದ. ಎಡ ಕಿವಿರ ಮುಚ್ಚಳದ ಮೇಲೆ ಹನ್ನೊಂದು. ಬಲಕ್ಕೆ ಒಂಬತ್ತು. ಎದೆಯ ಪಕ್ಕದ ಎರಡು ಈಜುರೆಕ್ಕೆಗಳ ಮುಂದಿನ ದಪ್ಪ ಕಡ್ಡಿಯ ಉದ್ದಕ್ಕೂ ಗರಗಸದ ಹಲ್ಲಿನ ಹಾಗೆ ಸಾಲಾಗಿ ಒಂದಿಷ್ಟು. ಬೆನ್ನ ಮೇಲೆ ಇಲ್ಲ. ಬಾಲದಲ್ಲಿ ಇಲ್ಲ. ಹೊಟ್ಟೆಯಲ್ಲಿ ಇಲ್ಲ.

"ಶನಿವಾರದ ಫೋಟೋ ಇದ್ಯಾ? ಅದ್ರಲ್ಲೂ ಎಣಿಸು."

ಫೋಟೋದಲ್ಲಿ ಕಂಡದ್ದು ಎಡಗಡೆ ಮಾತ್ರ. ದೊಡ್ಡದು ಮಾಡಿ ಎಣಿಸಿದೆವು. ಹನ್ನೊಂದು.

"ಐದು ದಿನಕ್ಕೆ ಒಂದೂ ಜಾಸ್ತಿ ಆಗಿಲ್ವಾ?" ಅಂದರು ಚಿಕ್ಕಪ್ಪ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಅದು ರೋಗ ಅಲ್ಲ ಕಣಮ್ಮಾ. ಗಂಡು ಮೀನು ಬೆದೆಗೆ ಬಂದಿದೆ."

ಬೆದೆಯ ಚುಕ್ಕೆ, ಇಕ್‌ನ ಚುಕ್ಕೆ

ಗಂಡು ಗೋಲ್ಡ್‌ಫಿಶ್ ಬೆದೆಗೆ ಬಂದಾಗ ಕಿವಿರ ಮುಚ್ಚಳದ ಮೇಲೆ ಮತ್ತು ಎದೆಯ ಈಜುರೆಕ್ಕೆಯ ಮುಂಗಡ್ಡಿಯ ಮೇಲೆ ಸಣ್ಣ ಬಿಳಿ ಗುಳ್ಳೆ ಏಳುತ್ತವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅಂಥದ್ದೇ ಗಟ್ಟಿ ಪದಾರ್ಥ, ಕೆರಾಟಿನ್. ಹೆಣ್ಣಿನ ಹೊಟ್ಟೆಯನ್ನು ತಿವಿದು ಮೊಟ್ಟೆ ಇಡಿಸುವಾಗ ಈ ಒರಟುತನ ಕೆಲಸಕ್ಕೆ ಬರುತ್ತದೆ. ಕಾಲ ಕಳೆದ ಮೇಲೆ ತಾನಾಗಿ ಮಾಯವಾಗುತ್ತವೆ. ಕೆಲವು ಗಂಡುಗಳಲ್ಲಿ ವರ್ಷವಿಡೀ ಇರುವುದೂ ಉಂಟು.

ಇಕ್ ಬೇರೆಯೇ ಕಥೆ. ಅದು ಇಕ್ತಿಯೋಫ್ತಿರಿಯಸ್ ಅನ್ನುವ ಒಂದೇ ಕೋಶದ ಪರೋಪಜೀವಿ. ಮೀನಿನ ಮೇಲ್ಚರ್ಮದ ಅಡಿ ಹೊಕ್ಕು ಅಲ್ಲೇ ತಿಂದು ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಅದೇ, ಒಂದು ಮಿಲಿಮೀಟರ್ ತನಕ. ಬಲಿತ ಮೇಲೆ ಮೀನನ್ನು ಬಿಟ್ಟು ತಳಕ್ಕೆ ಬೀಳುತ್ತದೆ, ಸುತ್ತ ಒಂದು ಚೀಲ ಕಟ್ಟಿಕೊಂಡು ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತಾ ಒಂದೆರಡು ದಿನದೊಳಗೆ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧಿ ಮುಟ್ಟುವುದು ಈ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗೆ ಇರುವುದಕ್ಕೂ ಚೀಲದೊಳಗೆ ಇರುವುದಕ್ಕೂ ಅದು ತಾಗುವುದಿಲ್ಲ. ಅದಕ್ಕೇ ಚುಕ್ಕೆ ಹೋದ ಮೇಲೂ ಔಷಧಿ ನಿಲ್ಲಿಸಬಾರದು ಅನ್ನುವುದು. 25 ಡಿಗ್ರಿ ಆಸುಪಾಸಿನ ನೀರಿನಲ್ಲಿ ಈ ಸುತ್ತು ವಾರದೊಳಗೆ ಮುಗಿಯುತ್ತದೆ, ತಣ್ಣನೆಯ ನೀರಲ್ಲಿ ವಾರಗಟ್ಟಲೆ ಎಳೆಯುತ್ತದೆ.

ಇಷ್ಟು ತಿಳಿದರೆ ಕೆಂಚನದು ಇಕ್ ಅಲ್ಲ ಅನ್ನುವುದಕ್ಕೆ ಬೇರೆ ಪರೀಕ್ಷೆಯೇ ಬೇಡ. ಇಕ್‌ನ ಚುಕ್ಕೆ ಉಪ್ಪು ಉದುರಿಸಿದ ಹಾಗೆ ಮೈ, ಬಾಲ, ರೆಕ್ಕೆ ಎಲ್ಲೆಂದರಲ್ಲಿ ಬೀಳುತ್ತವೆ. ಎಡಕ್ಕೂ ಬಲಕ್ಕೂ ಲೆಕ್ಕ ಹಾಕಿ ಒಂದೇ ಜಾಗದಲ್ಲಿ ಕೂರುವುದಿಲ್ಲ. ದಿನದಿನಕ್ಕೆ ಹೆಚ್ಚುತ್ತವೆ, ಜಾಗ ಬದಲಾಗುತ್ತದೆ. ಒಂದೇ ಟ್ಯಾಂಕಿನ ಇನ್ನೊಂದು ಮೀನನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಮತ್ತೆ, ಅದು ಗಾಳಿಯಿಂದ ಬರುವಂಥದ್ದಲ್ಲ. ಹೊಸ ಮೀನು, ಗಿಡ, ಬೇರೆ ಟ್ಯಾಂಕಿನ ಬಲೆ, ಹೀಗೆ ಯಾವುದಾದರೂ ಒಂದರ ಜೊತೆ ಒಳಗೆ ಬರಬೇಕು. ನನ್ನ ಟ್ಯಾಂಕಿಗೆ ವರ್ಷದಿಂದ ಏನೂ ಬಂದಿರಲಿಲ್ಲ.

ಒರೆಸಿ ಎಸೆದ ಜಿಗುಟು ಮಣಿಗಳ ವಿಷಯ ಹೇಳಿದಾಗ ಚಿಕ್ಕಪ್ಪ ನಕ್ಕೇಬಿಟ್ಟರು, ಆಮೇಲೆ "ಅಯ್ಯೋ" ಅಂದರು. ಅವು ಬೆಳ್ಳಿಯ ಮೊಟ್ಟೆಗಳು. ಇದರಲ್ಲಿ ಇನ್ನೊಂದು ತಮಾಷೆ ಇದೆ. ಮೀನು ಸಾಕುವವರು ಮಿಥಿಲೀನ್ ಬ್ಲೂ ಇಟ್ಟುಕೊಳ್ಳುವ ಕಾರಣಗಳಲ್ಲಿ ಮುಖ್ಯವಾದದ್ದು ಮೊಟ್ಟೆಗೆ ಬೂಷ್ಟು ಹಿಡಿಯದಿರಲಿ ಅನ್ನುವುದು. ಇಕ್‌ಗೆ ಮ್ಯಾಲಕೈಟ್ ಗ್ರೀನ್ ಇರುವ ಔಷಧಿ ಜಾಸ್ತಿ ಬಳಕೆ. ಅಂದರೆ ನಾನು ಮೊಟ್ಟೆಗಳನ್ನು ಎಸೆದು, ಮೊಟ್ಟೆಯ ಔಷಧಿಯನ್ನು ಇಲ್ಲದ ರೋಗಕ್ಕೆ ಹಾಕಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರೆ. ಇಲ್ಲಿ ಎತ್ತಿಗೂ ಜ್ವರ ಇರಲಿಲ್ಲ.

ಹಾಗಾದರೆ ಬಾಯಿ ಬಡಿಯುತ್ತಿದ್ದದ್ದು ಯಾಕೆ

"ಸ್ಪಾಂಜ್ ಏನಾದ್ರೂ ತೊಳೆದ್ಯಾ?" ಅಂತ ಚಿಕ್ಕಪ್ಪನ ಎರಡನೇ ಪ್ರಶ್ನೆ. ಹೂಂ ಅಂದೆ. "ನಲ್ಲಿ ನೀರಲ್ಲಾ?" ಹೂಂ. "ಸರಿ. ಅಮೋನಿಯಾ ನೋಡು ಈಗಲೇ."

ಮೀನು ತನ್ನ ಮೈಯ ಅಮೋನಿಯಾವನ್ನು ಬಹುಪಾಲು ಕಿವಿರಿನಿಂದಲೇ ನೀರಿಗೆ ಬಿಡುತ್ತದೆ. ತಿಂದರೂ ಬಿಡುತ್ತದೆ, ಉಪವಾಸ ಇದ್ದರೂ ಸ್ವಲ್ಪ ಬಿಡುತ್ತದೆ. ಪಳಗಿದ ಟ್ಯಾಂಕಿನಲ್ಲಿ ಅದು ಉಳಿಯುವುದಿಲ್ಲ, ಯಾಕೆಂದರೆ ಸ್ಪಾಂಜಿನಲ್ಲಿ ಕೂತ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ವಿಷವಲ್ಲ, ವಾರದ ನೀರು ಬದಲಾವಣೆಯಲ್ಲಿ ಹೋಗುತ್ತದೆ. ನಾನು ನಲ್ಲಿಯ ಕ್ಲೋರಿನ್ ನೀರಲ್ಲಿ ಹಿಂಡಿ ಹಿಂಡಿ ಹೊರಹಾಕಿದ ಕಂದು ಗಲೀಜಿನಲ್ಲಿ ಈ ಬ್ಯಾಕ್ಟೀರಿಯಾ ಇದ್ದವು. ಅಷ್ಟರಲ್ಲೂ ಉಳಿದಿದ್ದವಕ್ಕೆ ಮಿಥಿಲೀನ್ ಬ್ಲೂ ಬಿತ್ತು. ಅದು ಇವನ್ನೂ ಕೊಲ್ಲುತ್ತದೆ, ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದೂ ಇತ್ತು.

ಒಂದು ಅಂದಾಜು ಲೆಕ್ಕ ಹಾಕಿದೆ. ಮೀನು ಸಾಕಣೆಯಲ್ಲಿ ಬಳಸುವ ಸೂತ್ರ ಇದೆ: ಹಾಕಿದ ಆಹಾರದ ತೂಕ, ಅದರಲ್ಲಿರುವ ಪ್ರೋಟೀನ್ ಪಾಲು, ಅದಕ್ಕೆ 0.092 ಗುಣಿಸಿದರೆ ದಿನಕ್ಕೆ ಬರುವ ಅಮೋನಿಯಾ ಸಿಗುತ್ತದೆ. 40% ಪ್ರೋಟೀನ್ ಇರುವ ಕಾಳು ದಿನಕ್ಕೆ 2 ಗ್ರಾಂ ಹಾಕಿದರೆ ಸುಮಾರು 74 ಮಿಲಿಗ್ರಾಂ. 110 ಲೀಟರಿಗೆ ಹಂಚಿದರೆ ಲೀಟರಿಗೆ ದಿನಕ್ಕೆ 0.67 ಮಿಲಿಗ್ರಾಂ. ನಾಲ್ಕೂವರೆ ದಿನಕ್ಕೆ ಮೂರು ದಾಟುತ್ತದೆ. ನಾನು ಕಾಳು ಜಾಸ್ತಿ ಬೇರೆ ಮಾಡಿದ್ದೆ, ತಳದಲ್ಲಿ ಕೊಳೆಯುತ್ತಿದ್ದದ್ದು ಬೇರೆ.

ಟೆಸ್ಟ್ ಕಿಟ್ ಮನೆಯಲ್ಲೇ ಇತ್ತು, ಟ್ಯಾಂಕ್ ಶುರು ಮಾಡಿದಾಗ ತಂದದ್ದು. ಪೂರ್ತಿ ವಾರ ಅದನ್ನು ಮುಟ್ಟಿರಲಿಲ್ಲ. ಈಗ ಮುಟ್ಟಿದರೆ ಇನ್ನೊಂದು ತೊಡಕು. ಈ ಪರೀಕ್ಷೆಯಲ್ಲಿ ಅಮೋನಿಯಾ ಇಲ್ಲದಿದ್ದರೆ ಹಳದಿ, ಇದ್ದರೆ ಹಸಿರು. ಟ್ಯಾಂಕಿನ ನೀರೇ ನೀಲಿ. ಹಳದಿಗೆ ನೀಲಿ ಸೇರಿದರೆ ಏನಾಗುತ್ತದೆ ಅಂತ ಬಣ್ಣದ ಪೆಟ್ಟಿಗೆ ಹಿಡಿದ ಮಗನೇ ಹೇಳಿದ, "ಅಮ್ಮಾ, ಸುಮ್ನೆ ಹಸಿರು ಬರುತ್ತೆ."

ಚಿಕ್ಕಪ್ಪ ಉಪಾಯ ಹೇಳಿದರು. ಡಬ್ಬಿಯಲ್ಲಿ ಒಂದು ಲೋಟ ಟ್ಯಾಂಕಿನ ನೀರು, ಅದಕ್ಕೆ ಎರಡು ಚಮಚ ತೊಳೆದ ಆಕ್ಟಿವೇಟೆಡ್ ಕಾರ್ಬನ್, ಮುಚ್ಚಳ ಹಾಕಿ ಕುಲುಕುವುದು. ಕಾರ್ಬನ್ ಬಣ್ಣವನ್ನು ಹೀರುತ್ತದೆ, ಅಮೋನಿಯಾವನ್ನು ಹೆಚ್ಚುಕಮ್ಮಿ ಮುಟ್ಟುವುದಿಲ್ಲ. ಹದಿನೈದು ನಿಮಿಷ ಕುಲುಕಿ, ಸೋಸಿ, ಬಿಳಿ ಕಾಗದದ ಮುಂದೆ ಹಿಡಿದಾಗ ನೀರು ತಿಳಿಯಾಗಿತ್ತು. ಹೋಲಿಕೆಗೆ ಇನ್ನೊಂದು ಟ್ಯೂಬಿನಲ್ಲಿ ನಲ್ಲಿ ನೀರು. ಎರಡಕ್ಕೂ ಹನಿ ಹಾಕಿ ಕಾದೆವು. ನಲ್ಲಿ ನೀರು ನಿಂಬೆ ಹಳದಿಯಾಗಿಯೇ ಉಳಿಯಿತು. ಟ್ಯಾಂಕಿನ ನೀರು ಮೊದಲು ಎಳೆ ಹಸಿರು, ಆಮೇಲೆ ಎಲೆ ಹಸಿರು, ಐದು ನಿಮಿಷಕ್ಕೆ ಕಾರ್ಡಿನ ಕಡುಹಸಿರಿಗೆ ಬಂದು ನಿಂತಿತು. ಲೀಟರಿಗೆ 4 ಮಿಲಿಗ್ರಾಂ. ಇರಬೇಕಾದದ್ದು ಸೊನ್ನೆ.

ಈ 4 ಎಲ್ಲವೂ ಒಂದೇ ಥರ ವಿಷವಲ್ಲ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ: ಹೆಚ್ಚು ಪಾಲು ಅಮೋನಿಯಂ, ಅದು ಅಷ್ಟು ಕೆಡುಕಲ್ಲ. ಉಳಿದದ್ದು ಬಿಡಿ ಅಮೋನಿಯಾ, ಕಿವಿರು ಸುಡುವುದು ಇದೇ. ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಬಿಡಿ ಪಾಲು ಏರುತ್ತದೆ. ನನ್ನ 7.8 ಪಿಎಚ್‌ನಲ್ಲಿ, 22 ಡಿಗ್ರಿಯಾದರೆ ಸುಮಾರು 3%, 30 ಡಿಗ್ರಿಯಾದರೆ ಸುಮಾರು 5%. ಹೀಟರ್ ಹಾಕಿ ನಾನು ವಿಷವನ್ನು ಒಂದೂವರೆ ಪಟ್ಟಿಗೂ ಜಾಸ್ತಿ ಮಾಡಿದ್ದೆ. ಅದು ಸಾಲದು ಅಂತ ಬಿಸಿ ನೀರು ಆಮ್ಲಜನಕವನ್ನು ಕಮ್ಮಿ ಹಿಡಿಯುತ್ತದೆ. 22 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 8.7 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ 7.6. ಸುಟ್ಟ ಕಿವಿರು, ಕಮ್ಮಿ ಉಸಿರು. ಅದಕ್ಕೇ ಇಬ್ಬರೂ ಮೇಲೆ ಬಂದು ನಿಂತಿದ್ದರು.

ಬುಧವಾರ ರಾತ್ರಿ

ಹೀಟರ್ ಆಫ್ ಮಾಡಿದೆ. ಒಮ್ಮೆಲೇ ತಣ್ಣೀರು ಹಾಕಬೇಡ, ತಾನಾಗಿ ಇಳಿಯಲಿ ಅಂದರು ಚಿಕ್ಕಪ್ಪ. ಏರ್ ಪಂಪ್ ಹಚ್ಚಿ ಗಾಳಿಗುಳ್ಳೆ ಬಿಡುವ ಎರಡು ಏರ್ ಸ್ಟೋನ್ ಇಳಿಬಿಟ್ಟೆ. ತಳದ ಕಾಳನ್ನೆಲ್ಲ ಪೈಪಿನಿಂದ ಎಳೆದೆ. ಅರ್ಧ ನೀರು ತೆಗೆದು, ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ, ಟ್ಯಾಂಕಿನ ಬಿಸಿಗೆ ಹೊಂದಿಸಿದ ನೀರನ್ನು ಮೆಲ್ಲಗೆ ತುಂಬಿದೆ. ಉಳಿದ ಕಾರ್ಬನ್ನನ್ನು ಬಲೆಚೀಲಕ್ಕೆ ಹಾಕಿ ಫಿಲ್ಟರಿನ ದಾರಿಯಲ್ಲಿಟ್ಟೆ.

ನೀರು ಬದಲಾಯಿಸುವ ಮುಂಚೆ ಪಿಎಚ್ ನೋಡಲೇಬೇಕು. ಬಹಳ ದಿನ ಬಿಟ್ಟ ಟ್ಯಾಂಕಿನ ಪಿಎಚ್ ಆರಕ್ಕೋ ಅದಕ್ಕೂ ಕೆಳಕ್ಕೋ ಇಳಿದಿದ್ದು, ಹಾಕುವ ನೀರು ಎಂಟರದ್ದಾದರೆ, ಅಲ್ಲಿಯತನಕ ಸುಮ್ಮನಿದ್ದ ಅಮೋನಿಯಂ ಒಮ್ಮೆಲೇ ಬಿಡಿ ಅಮೋನಿಯಾ ಆಗಿ ಮೀನು ಅಲ್ಲೇ ಹೋಗಬಹುದು. ನನ್ನ ಟ್ಯಾಂಕ್, ನನ್ನ ನಲ್ಲಿ ಎರಡೂ 7.8 ಇದ್ದದ್ದರಿಂದ ಆ ಭಯ ಇರಲಿಲ್ಲ.

ಹನ್ನೊಂದು ಗಂಟೆಗೆ ಕೆಂಚ ಮೇಲಿನಿಂದ ಇಳಿದು ಏರ್ ಸ್ಟೋನ್ ಪಕ್ಕ ನಿಂತ. ಬೆಳ್ಳಿ ತಳದಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಿದ್ದಳು. ಕಿವಿರು ಆಡುತ್ತಿತ್ತು, ತುಂಬ ನಿಧಾನಕ್ಕೆ. ಕೈ ಹಾಕಿ ನೆಟ್ಟಗೆ ಹಿಡಿದೆ. ಬಿಟ್ಟರೆ ಮತ್ತೆ ವಾಲಿದಳು. ಬೆಳಗ್ಗೆ ಐದೂವರೆಗೆ ಎದ್ದು ಬಂದಾಗ ಕಿವಿರು ನಿಂತಿತ್ತು.

ಅದೇ ನೀರಲ್ಲಿ ಅಷ್ಟೇ ಹೊತ್ತು ಇದ್ದ ಕೆಂಚ ಉಳಿದ, ಅವಳು ಹೋದಳು. ನನ್ನ ಊಹೆ ಇಷ್ಟು: ಅವಳು ಎರಡು ಮೂರು ದಿನ ಬೆನ್ನಟ್ಟಿಸಿಕೊಂಡು, ಮೊಟ್ಟೆ ಇಟ್ಟು, ಸೋತು ಹೋಗಿದ್ದಳು. ವಿಶ್ರಾಂತಿ ಬೇಕಿದ್ದ ಹೊತ್ತಿಗೆ ಸಿಕ್ಕಿದ್ದು ಬಿಸಿ ನೀಲಿ ನೀರು.

ಐದು ವಾರ

ಗುರುವಾರ ಬೆಳಗ್ಗೆ ಅಮೋನಿಯಾ 2 ಇತ್ತು. ಮತ್ತೆ ಅರ್ಧ ನೀರು ಬದಲಾಯಿಸಿದೆ, 1ಕ್ಕೆ ಬಂತು. ಸಂಜೆ ಚಿಕ್ಕಪ್ಪನೇ ಬಂದರು, ಕೈಯಲ್ಲಿ ನೀರು ತುಂಬಿದ ಚೀಲ, ಒಳಗೆ ಅವರ ಟ್ಯಾಂಕಿನ ಕಂದು ಸ್ಪಾಂಜ್. ನೋಡಿದರೆ ಎಸೆಯಬೇಕು ಅನಿಸುವಂಥದ್ದು. ಅದನ್ನು ಹಾಗೇ ನನ್ನ ಫಿಲ್ಟರಿಗೆ ತುರುಕಿದೆವು. ಹೀಗೆ ಬೇರೆಯವರ ಸ್ಪಾಂಜ್ ತರುವಾಗ ಆ ಟ್ಯಾಂಕಿಗೆ ಇತ್ತೀಚೆಗೆ ಹೊಸ ಮೀನು ಬಂದಿದೆಯಾ ಅಂತ ಕೇಳಿಕೊಳ್ಳಬೇಕು. ಬ್ಯಾಕ್ಟೀರಿಯಾ ಜೊತೆ ನಿಜವಾದ ಇಕ್ ಬಂದರೆ ಅದು ಬೇರೆ ಪ್ರಕರಣ.

ಕೆಂಚನಿಗೆ ಮೂರು ದಿನ ಊಟ ಇಲ್ಲ. ಮಗನಿಗೆ ಇದು ಅನ್ಯಾಯ ಅನಿಸಿತು. ಗೋಲ್ಡ್‌ಫಿಶ್ ವಾರ ಉಪವಾಸ ಇದ್ದರೂ ಏನೂ ಆಗದು, ಈಗ ತಿಂದರೇ ತೊಂದರೆ ಅಂತ ಹೇಳಿದ್ದಕ್ಕೆ ಅರೆಮನಸ್ಸಿನಿಂದ ಒಪ್ಪಿದ. ಆಮೇಲೆ ಎರಡು ದಿನಕ್ಕೊಮ್ಮೆ ನಾಲ್ಕೇ ನಾಲ್ಕು ಕಾಳು. ದಿನವೂ ಬೆಳಗ್ಗೆ ಪರೀಕ್ಷೆ, ಅಮೋನಿಯಾ 0.5 ಮುಟ್ಟಿದರೆ ನೀರು ಬದಲಾವಣೆ. ಮೊದಲ ವಾರ ಹೆಚ್ಚುಕಮ್ಮಿ ದಿನಾ ಬಕೆಟ್ ಹೊತ್ತೆ.

ಎಂಟನೇ ದಿನ ಕೆಂಚನ ಬಾಲದ ಅಂಚು ಮತ್ತು ಕಿವಿರ ಹಿಂಬದಿ ಕಪ್ಪಾಯಿತು. ಮಸಿ ಒರೆಸಿದ ಹಾಗೆ. ಎದೆ ಧಸಕ್ಕೆಂದಿತು. ಕೈ ತಾನಾಗಿ ಔಷಧಿ ಇಟ್ಟಿದ್ದ ಕಪಾಟಿನ ಕಡೆ ಹೋಯಿತು ಅಂತ ಹೇಳಲು ನಾಚಿಕೆಯಿಲ್ಲ. ಈ ಸಲ ಮೊದಲು ಫೋಟೋ ಕಳಿಸಿದೆ. ಅಮೋನಿಯಾದಿಂದ ಸುಟ್ಟ ಚರ್ಮ ಮಾಯುವಾಗ ಗೋಲ್ಡ್‌ಫಿಶ್‌ನಲ್ಲಿ ಹೀಗೆ ಕಪ್ಪು ಮೂಡುವುದುಂಟು, ಮಾಯುತ್ತಿದೆ ಅಂತ ಅರ್ಥ, ಮುಟ್ಟಬೇಡ ಅಂತ ಉತ್ತರ ಬಂತು. ನಾಲ್ಕನೇ ವಾರಕ್ಕೆ ಮಾಸಿತು.

ಹನ್ನೆರಡನೇ ದಿನ ಅಮೋನಿಯಾ 0.25ಕ್ಕೆ ಇಳಿದಾಗ ಖುಷಿಪಡುವಷ್ಟರಲ್ಲಿ ನೈಟ್ರೈಟ್ ಕಾಣಿಸಿತು, 1 ಮಿಲಿಗ್ರಾಂ. ಇದು ನಿರೀಕ್ಷೆ ಇದ್ದದ್ದೇ. ಮೊದಲ ಬಗೆಯ ಬ್ಯಾಕ್ಟೀರಿಯಾ ಚಿಗುರಿವೆ, ಎರಡನೇ ಬಗೆ ಹಿಂದೆ ಬಿದ್ದಿವೆ. ನೈಟ್ರೈಟ್ ಕಿವಿರಿನಿಂದ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಉಪ್ಪು ನಿಜವಾಗಿ ಕೆಲಸಕ್ಕೆ ಬರುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಅದೇ ಬಾಗಿಲಲ್ಲಿ ನೈಟ್ರೈಟ್ ಜೊತೆ ಪೈಪೋಟಿಗೆ ನಿಂತು ಅದನ್ನು ಒಳಗೆ ಬಿಡುವುದಿಲ್ಲ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 110 ಗ್ರಾಂ ಉಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕಿದೆ. ಉಪ್ಪು ಆವಿಯಾಗುವುದಿಲ್ಲ, ಹಾಗಾಗಿ ನೀರು ಬದಲಾಯಿಸಿದಾಗ ತೆಗೆದ ನೀರಿನಷ್ಟಕ್ಕೆ ಮಾತ್ರ ಮತ್ತೆ ಹಾಕಬೇಕು. ಇದನ್ನು ಮರೆತು ಪ್ರತಿ ಸಲ ಪೂರ್ತಿ ಹಾಕಿದವರೂ ಇದ್ದಾರೆ.

ಇಪ್ಪತ್ತಾರನೇ ದಿನ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಮೂವತ್ತೈದನೇ ದಿನದ ತನಕ ಹಾಗೇ ಉಳಿದಾಗ ಬರೆಯುವುದು ನಿಲ್ಲಿಸಿದೆ. ಕೆಂಚನ ಚುಕ್ಕೆಗಳು ಅಷ್ಟರಲ್ಲಿ ಮಾಯವಾಗಿದ್ದವು, ಯಾವ ದಿನ ಅಂತ ನಾನು ನೋಡಲಿಲ್ಲ.

ನಿಜವಾಗಿ ಇಕ್ ಆಗಿದ್ದರೆ?

ಕೆಲವರು ಕೇಳಿದರು. ಆಗಿದ್ದರೂ ಟ್ಯಾಂಕಿಗೇ ಔಷಧಿ ಹಾಕಬೇಕಿತ್ತು, ಯಾಕೆಂದರೆ ಪರೋಪಜೀವಿ ಮೀನಿನ ಮೈಯಲ್ಲಿ ಮಾತ್ರ ಅಲ್ಲ, ತಳದ ಕಲ್ಲಿನಲ್ಲೂ ಇರುತ್ತದೆ. ಆದರೆ ಸ್ಪಾಂಜ್ ತೊಳೆಯುವುದಿದ್ದರೆ ಟ್ಯಾಂಕಿನಿಂದ ತೆಗೆದ ನೀರಲ್ಲೇ, ಅದೂ ಒಂದನ್ನು ಈ ವಾರ ಇನ್ನೊಂದನ್ನು ಎರಡು ವಾರ ಬಿಟ್ಟು ತೊಳೆಯಬೇಕಿತ್ತು. ಔಷಧಿ ಇರುವಷ್ಟು ದಿನವೂ ಅಮೋನಿಯಾ ನೋಡಬೇಕಿತ್ತು. ಕಾಳು ಕಮ್ಮಿ ಮಾಡಬೇಕಿತ್ತು, ಗಾಳಿ ಜಾಸ್ತಿ ಮಾಡಬೇಕಿತ್ತು. ನಾನು ಎರಡನ್ನೂ ತಿರುಗಾಮುರುಗಾ ಮಾಡಿದ್ದೆ. ಅಂದರೆ ರೋಗ ಸರಿಯಾಗಿ ಊಹಿಸಿದ್ದರೂ ಬೆಳ್ಳಿ ಉಳಿಯುತ್ತಿದ್ದಳು ಅಂತ ಹೇಳಲಾರೆ.

ಆರು ತಿಂಗಳಾದ ಮೇಲೆ ಹೊಸ ಮೀನೊಂದು ಬಂತು. ನಾಲ್ಕು ವಾರ ಬೇರೆ ಟಬ್ಬಿನಲ್ಲಿಟ್ಟು ಆಮೇಲೆ ಒಳಗೆ ಬಿಟ್ಟೆವು. ಕೆಂಚ ಮೊದಲು ದೂರ ಇದ್ದ. ಹೋದ ತಿಂಗಳಿಂದ ಅದರ ಹಿಂದೆ ಬಿದ್ದಿದ್ದಾನೆ. ಕೆನ್ನೆ ಮೇಲೆ ಚುಕ್ಕೆ ಮತ್ತೆ ಬಂದಿವೆ. ಎಡಕ್ಕೆ ಹದಿನಾಲ್ಕು, ಬಲಕ್ಕೆ ಹನ್ನೆರಡು. ಮಗ ಟಾರ್ಚ್ ಹಿಡಿದು ಎಣಿಸಿ, ತಾರೀಕು ಹಾಕಿ, ಟ್ಯಾಂಕಿನ ಪಕ್ಕ ಚೀಟಿ ಅಂಟಿಸಿದ್ದಾನೆ.